ಫುಸಾಯೊಳ ಐದು ಕಿರುಗತ್ತಿಗಳು

ನಮ್ಮ ಬೀದಿಯ ತೋಫು ಅಂಗಡಿಯ ಮವಾತಾರಿ ಫುಸಾಯೊಳ ಕೈ ಒಣಗಿದ್ದನ್ನು ಕಂಡವರು ಕಡಿಮೆ. ಊರು ಏಳುವ ಮುಂಚೆ ನೆನೆದ ಸೋಯಾ ಕಾಳು ರುಬ್ಬಬೇಕು, ಹಾಲು ಕಾಯಿಸಬೇಕು, ಒಡೆಸಬೇಕು, ಗಟ್ಟಿಯಾದದ್ದನ್ನು ಅಂಗೈ ಮೇಲೇ ಕೊಯ್ದು ತಣ್ಣೀರಿನ ತೊಟ್ಟಿಗೆ ಬಿಡಬೇಕು. ಮೊಣಕೈವರೆಗೆ ನೀರಿನಲ್ಲೇ ಬದುಕಿದ ಹೆಂಗಸು. ಅವಳಿಗೆ ಹಿಡಿದ ಹುಚ್ಚು ನೋಡಿದರೆ, ನೀರಿನ ಹನಿ ಸೋಕಿದರೆ ತುಕ್ಕು ಕಾರುವ ಹಳೆಯ ಕಿರುಗತ್ತಿಗಳನ್ನು ಕೂಡಿಹಾಕುವುದು.

ನಾನು ಅವಳ ಅಂಗಡಿಯ ಎದುರು ಕ್ಷೌರದಂಗಡಿ ಇಟ್ಟಿರುವ ಎರಿಗುಚಿ. ಅದೇ ಹುಚ್ಚು ನನಗೂ ಇದೆ, ಆದರೆ ನನ್ನದು ಸೋವಿಯದು. ನೋಡುವುದರಲ್ಲೇ ತೃಪ್ತಿ, ಕೊಳ್ಳುವ ಗೋಜಿಲ್ಲ. "ಬೇರೇನೂ ಸಿಗಲಿಲ್ವೇನಮ್ಮ ನಿನಗೆ? ಪಿಂಗಾಣಿ ಕೂಡಿಡಬಹುದಿತ್ತಲ್ಲ, ತೊಳೆದಷ್ಟೂ ಹೊಳೆಯುತ್ತೆ" ಎಂದು ಒಮ್ಮೆ ಕೆಣಕಿದ್ದೆ.

"ಈ ಸಾಗಾ ಸೀಮೇಲಿ ಬೆಕ್ಕಿಗೂ ಪಿಂಗಾಣಿ ಬಟ್ಟಲಲ್ಲೇ ಅನ್ನ ಇಡ್ತಾರೆ ಕ್ಷೌರದವರೇ. ಅದನ್ನ ಕೂಡಿಡೋಕೆ ನಾನೇ ಬೇಕಾ?" ಅಂದಳು.

ಉದ್ದ ಕತ್ತಿಯ ಕಡೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಅದು ಸಮುರಾಯಿಗಳದು, ನಮ್ಮಪ್ಪನ ಮನೆಯದಲ್ಲ ಅನ್ನುತ್ತಿದ್ದಳು. ಹಿಂದಿನ ಕಾಲದಲ್ಲಿ ನಮ್ಮಂಥ ಅಂಗಡಿಯವರು ಸೊಂಟಕ್ಕೆ ಸಿಗಿಸಿಕೊಳ್ಳಬಹುದಾಗಿದ್ದದ್ದು ಗಿಡ್ಡ ಕತ್ತಿಯನ್ನು ಮಾತ್ರ. ಹಾಗಾಗಿ ಅದೇ ತನ್ನ ಕೈಯ ಅಳತೆ ಎಂದು ಅವಳ ವಾದ. ಮೊದಲನೆಯದನ್ನು ತಂದದ್ದು ಅಕ್ಕಿ ಮಂಡಿಯೊಂದು ಮುಚ್ಚಿ ಸಾಮಾನು ಹರಾಜಾದಾಗ. ರುಬ್ಬುವ ಹೊಸ ಯಂತ್ರಕ್ಕೆಂದು ಗಂಡ ಎತ್ತಿಟ್ಟಿದ್ದ ದುಡ್ಡು ಅಲ್ಲಿ ಕರಗಿತು. ಗಂಡ ತಾಮೊತ್ಸು ತಣ್ಣನೆಯ ಮನುಷ್ಯ, ಜಗಳವಾಡಲಿಲ್ಲ. ಆದರೆ ಅವಳು ಕತ್ತಿ ಮುಟ್ಟುವ ಮುಂಚೆ ಕೈ ತೊಳೆದು, ಒರೆಸಿ, ಒಲೆಯ ಕಾವಿಗೆ ಹಿಡಿದು, ಚರ್ಮ ಕಾಗದದಂತಾಗುವವರೆಗೆ ಕಾದು ಕೂರುವುದನ್ನು ನೋಡಿ, "ಮದುವೆ ದಿನ ನನ್ನ ಕೈ ಹಿಡಿದಾಗ ತೊಟ್ಟಿಕ್ತಾ ಇತ್ತು ಮಾರಾಯ್ರೆ" ಎಂದು ನನ್ನ ಕುರ್ಚಿಯಲ್ಲಿ ಕೂತು ಗಡ್ಡ ಕೆರೆಸಿಕೊಳ್ಳುತ್ತಾ ಹೇಳಿದ್ದ.

ಹೀಗೆ ಇಪ್ಪತ್ತು ವರ್ಷದಲ್ಲಿ ಕೂಡಿದ್ದು ಐದು. ಎಲ್ಲವೂ ಘನವಾದವೇನಲ್ಲ. ಒಂದರ ತುದಿ ಯಾವುದೋ ಕಾಲದಲ್ಲಿ ಮುರಿದು ತಿದ್ದಿದ್ದು. ಇನ್ನೊಂದು, ನಮ್ಮಲ್ಲಿ ಮದುವಣಗಿತ್ತಿ ಸೊಂಟಕ್ಕೆ ಸಿಗಿಸಿಕೊಳ್ಳುವಂಥ ಪುಟ್ಟದು, ಕೈಗೆ ಬಂದಾಗ ತುಕ್ಕಿನ ಮುದ್ದೆಯಾಗಿತ್ತು. ಸಾಣೆಯವನು ಇದು ಏಳುವುದಿಲ್ಲ ಅಂದರೂ ಅವಳು ಬಿಡಲಿಲ್ಲ. ಬೆನ್ನುಬಿದ್ದು, ಅವನ ಮನೆಗೆ ಕರಿದ ತೋಫು ಹೊತ್ತು, ಕೊನೆಗೂ ಮಾಡಿಸಿಕೊಂಡಳು. ಅದು ಎದ್ದು ಬಂದ ದಿನ ಅಂಗಡಿ ಮುಚ್ಚಿ ನನ್ನನ್ನು ಕರೆದು ತೋರಿಸಿದ್ದಳು. ಐದನ್ನೂ ಹಬೆ ತಾಕದ ಮೇಲಿನ ಕೋಣೆಯಲ್ಲಿಟ್ಟು, ಕಾಲಕಾಲಕ್ಕೆ ಹಳೆ ಎಣ್ಣೆ ಒರೆಸಿ ಲವಂಗದ ಘಮದ ಹೊಸ ಎಣ್ಣೆ ಸವರಿ, ಬಾಣಂತಿ ಮಗುವನ್ನು ನೋಡಿಕೊಂಡಂತೆ ನೋಡಿಕೊಂಡಳು.

ಇಷ್ಟು ಮಾಡಿದವಳು ಆ ಐದನ್ನೂ ಒಂದೇ ಏಟಿಗೆ ಕೊಟ್ಟುಬಿಡಲು ಹೊರಟಳು ಅಂದರೆ ನನಗೆ ಸಿಟ್ಟು ಬರದೆ ಇರುತ್ತದೆಯೇ?

ಕೊಡುವುದು ಹ್ಯಾಕುತಾಕೆ ಮೇಷ್ಟರಿಗೆ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಎಂಬತ್ತು ದಾಟಿದವರು, ನಮ್ಮ ಕತ್ತಿ ಕೂಟದ ಯಜಮಾನರು. ತಿಂಗಳಿಗೊಂದು ಭಾನುವಾರ ಕೂಟದ ಏಳು ಮಂದಿ ಅವರ ಮನೆಯ ಚಾಪೆಯ ಕೋಣೆಯಲ್ಲಿ ಸೇರುತ್ತೇವೆ. ಕೂರುವುದು ಸೇರಿದ ಕಾಲದ ಕ್ರಮದಲ್ಲಿ. ಮೇಲಿನ ಜಾಗ ಚಹಾಪುಡಿ ವ್ಯಾಪಾರಿ ಸೊಎಜಿಮಾನದು. ಅವನು ಮೇಷ್ಟರ ಬಾಲ್ಯದ ಗೆಳೆಯ, ಅವರ ನೆರಳು ಅಂದರೂ ಸರಿ. ಕೆಳಗಿನ ಕೊನೆಯ ಜಾಗ ಫುಸಾಯೊಳದು, ಅದಕ್ಕೆ ಮುಂಚಿನದು ನನ್ನದು. ಅವಳ ನಂತರ ಯಾರೂ ಸೇರಲಿಲ್ಲ. ಈಗಿನವರಿಗೆ ಇದೆಲ್ಲ ಎಲ್ಲಿ ಬೇಕು.

ಕೂಟದ ಕಟ್ಟಳೆಗಳು ಕೆಲವಿವೆ. ಒರೆಯಿಂದ ಹೊರಗಿರುವ ಅಲಗಿನ ಎದುರು ಯಾರೂ ಮಾತಾಡುವಂತಿಲ್ಲ. ಎಂಜಲಿನ ಒಂದು ಕಣ ಸಾಕು ಉಕ್ಕನ್ನು ಕೆಡಿಸಲು. ಅದಕ್ಕೇ ಒಬ್ಬೊಬ್ಬರೂ ಮಡಿಸಿದ ಕಾಗದವೊಂದನ್ನು ತುಟಿಯಲ್ಲಿ ಕಚ್ಚಿಕೊಂಡಿರುತ್ತೇವೆ. ಅಲಗಿಗೆ ಬೆರಳು ತಾಕಿಸುವುದಂತೂ ಪಾಪಕ್ಕೆ ಸಮ, ಬೆರಳ ಬೆವರಿನ ಗುರುತು ತುಕ್ಕಾಗಿ ಉಳಿಯುತ್ತದೆ. ಇವೆರಡಕ್ಕಿಂತ ದೊಡ್ಡದು ಮೂರನೆಯದು: ಇನ್ನೊಬ್ಬರ ಕತ್ತಿಯ ಊನ ಎತ್ತಿ ಆಡಬಾರದು. ಮಗುವನ್ನು ಎತ್ತಿ ತೋರಿಸಿದವರ ಮುಂದೆ ಇದರ ಮೂಗು ಚಪ್ಪಟೆ ಅನ್ನುತ್ತೇವೆಯೇ? ನೋಡು, ತಲೆಬಾಗು, ಚೆನ್ನಾಗಿದ್ದದ್ದನ್ನು ಹುಡುಕಿ ಹೇಳು, ಮುಂದಿನವರಿಗೆ ಕೊಡು, ಅಷ್ಟೇ.

ಮೇಷ್ಟರ ಬಳಿ ಒಂದು ಕಿರುಗತ್ತಿ ಇತ್ತು, ಹಿಂದೆ ಹಿಜೆನ್ ಅನ್ನುತ್ತಿದ್ದ ನಮ್ಮ ಸೀಮೆಯ ಹಳೆಯ ಕಮ್ಮಾರನೊಬ್ಬನ ಕೈಕೆಲಸ. ಉಕ್ಕಿನ ಮೈ ನುಣ್ಣಗೆ ಅಕ್ಕಿ ತೌಡು ಚೆಲ್ಲಿದಂತೆ. ಹರಿತವಾದ ಬಾಯಿಯ ಉದ್ದಕ್ಕೂ ಬೆಳಗಿನ ಮಂಜಿನಂಥ ಬಿಳಿ ಪಟ್ಟಿ, ಎಲ್ಲೂ ಅವಸರವಿಲ್ಲದೆ ಹಿಡಿಯಿಂದ ತುದಿಯವರೆಗೆ ಹೋಗುತ್ತಿತ್ತು. ಫುಸಾಯೊ ಕೂಟಕ್ಕೆ ಸೇರಿದ ದಿನ ಮೇಷ್ಟರು ಅದನ್ನು ಅವಳ ಕೈಗೆ ಕೊಟ್ಟಿದ್ದರು. ಹೆಂಗಸಿನ ಕೈಗೆ ಯಾಕೆ ಎಂದು ಸೊಎಜಿಮಾ ಗೊಣಗಿದ್ದ. ಅವಳು ಅದನ್ನು ಹಿಡಿದು ಎಷ್ಟು ಹೊತ್ತು ಕೂತಳೆಂದರೆ ಚಹಾ ಆರಿಹೋಯಿತು. ಆಮೇಲೆ ಪ್ರತಿ ಹೊಸ ವರ್ಷವೂ ಅವಳದು ಒಂದೇ ಪ್ರಶ್ನೆ: "ನನಗೆ ಯಾವಾಗ ಕೊಡ್ತೀರಿ ಮೇಷ್ಟ್ರೇ?" ಮೇಷ್ಟರದು ಒಂದೇ ಉತ್ತರ: "ನನ್ನ ಹೆಣದ ಕೈ ಬಿಡಿಸಿ ತೊಗೊಂಡು ಹೋಗು."

ಈಚಿನ ವರ್ಷಗಳಲ್ಲಿ ಮೇಷ್ಟರ ಕಣ್ಣು ಮಂಜಾಯಿತು. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಚಹಾದ ಬಟ್ಟಲು ಅವರ ಕೈಗೇ ಸಿಗುವಂತೆ ಸರಿಸುತ್ತಿದ್ದೆವು, ಅಷ್ಟೇ. ಆ ಕಿರುಗತ್ತಿ ಆಮೇಲೆ ಮೇಲಿನ ಜಾಗದ ಐವರ ಕೈಯಲ್ಲೇ ಸುತ್ತಿ ವಾಪಸಾಗಿ ಪೀಠದ ಮೇಲೆ ಕೂರುತ್ತಿತ್ತು. ನಾನು ಮತ್ತು ಫುಸಾಯೊ ಅದನ್ನು ದೂರದಿಂದ ನೋಡಿ ತಲೆಬಾಗುತ್ತಿದ್ದೆವು.

ಆ ಚಳಿಗಾಲ ಮೇಷ್ಟರೇ ಬಾಯಿಬಿಟ್ಟರು. ಅವರಿಗೆ ಐದು ಜನ ಮೊಮ್ಮಕ್ಕಳು. ಒಬ್ಬೊಬ್ಬರಿಗೂ ಕಾವಲಿಗೆ ಒಂದೊಂದು ಕಿರುಗತ್ತಿ ಕೊಟ್ಟು ಕಣ್ಣು ಮುಚ್ಚಬೇಕು ಎಂಬ ಆಸೆ. ಬೇರೆ ಕತ್ತಿಗಳೆಲ್ಲ ಉದ್ದದವು, ಕಿರುಗತ್ತಿ ಇದೊಂದೇ. "ಒಂದನ್ನ ಐದು ಮಾಡೋಕಾಗಲ್ಲವಲ್ಲ. ನಿನ್ನ ಹತ್ತಿರ ಐದಿದೆ. ಇದನ್ನ ನೀನು ತೊಗೊಂಡು ಅವನ್ನ ನನಗೆ ಕೊಡ್ತೀಯಾ?" ಅಂದರು. ಫುಸಾಯೊ ಒಂದು ಉಸಿರಿನಷ್ಟೂ ಯೋಚಿಸದೆ "ಕೊಟ್ಟೆ" ಅಂದುಬಿಟ್ಟಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ನಾನು ಬೈದೆ. "ಒಂದು ಸಲ ಕೈಗೆ ತೊಗೊಂಡು ನೋಡಿ ಆಮೇಲೆ ಮಾತು ಕೊಡಬಾರದಿತ್ತಾ? ನೀನದನ್ನ ಹಿಡಿದು ಎಷ್ಟು ವರ್ಷ ಆಯ್ತು?"

"ಮೇಷ್ಟ್ರ ಕತ್ತೀನ ಪರೀಕ್ಷೆ ಮಾಡಿ ತೊಗೊಳ್ಳೋದಾ? ಮುಖ ಎಲ್ಲಿಟ್ಕೊಳ್ಳಲಿ?"

"ಐದೂ ಕಣಮ್ಮ! ಆ ಪುಟ್ಟದನ್ನ ಏಳಿಸೋಕೆ ಸಾಣೆಯವನ ಕಾಲು ಹಿಡಿದಿದ್ದೆಯಲ್ಲ!"

"ಆ ಮಕ್ಕಳು ಚೆನ್ನಾಗಿ ನೋಡ್ಕೊಳ್ತಾರೆ" ಅಂದಳು. ಆದರೆ ಧ್ವನಿ ಸಣ್ಣಗಾಗಿತ್ತು.

ಇಲ್ಲಿ ಒಂದು ಸಂಗತಿ ಹೇಳಬೇಕು. ನಮ್ಮ ಕೂಟದಲ್ಲಿ ಅದಲುಬದಲು ಮಾಡುವಾಗ ಕತ್ತಿ ಎಲ್ಲರ ಕೈ ದಾಟಿ, ಕೊಳ್ಳುವವರ ಕೈಗೆ ಕೊನೆಗೆ ಬರುತ್ತದೆ. ಅವರು ನೋಡಿ, ಒರೆಗೆ ಸೇರಿಸಿ, ಹಣೆಗೆತ್ತಿಕೊಂಡು "ಒಪ್ಪಿಸಿಕೊಂಡೆ" ಅಂದರೆ ಮುಗಿಯಿತು. ಆಮೇಲೆ ಏನು ಕಂಡರೂ ಅದು ಅವರ ಹಣೆಬರಹ. ಹಿಂದಿರುಗಿಸಿದವರನ್ನು ನಾನು ಇದುವರೆಗೆ ನೋಡಿಲ್ಲ.

ಅದಲುಬದಲಿಗೆ ಗೊತ್ತಾದ ಭಾನುವಾರ ಒಣ ಗಾಳಿ ಬೀಸುತ್ತಿತ್ತು, ಮೇಷ್ಟರ ಅಂಗಳದ ಉಮೆ ಮರ ಹೂಬಿಟ್ಟಿತ್ತು. ಫುಸಾಯೊ ತನ್ನ ಒಳ್ಳೆಯ ಕಿಮೊನೊ ಉಟ್ಟು, ಐದನ್ನೂ ನೇರಳೆ ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಬಂದಳು. ಗಂಟು ಬಿಚ್ಚಿ ಮೇಷ್ಟರ ಮೊಣಕಾಲ ಬಳಿ ಸಾಲಾಗಿ ಇಟ್ಟಳು. ಮೇಷ್ಟರು ಒಂದೊಂದರ ಒರೆಯನ್ನೂ ಬೆರಳಿನಿಂದ ತಡವಿದರು.

"ಈ ಪುಟ್ಟದು ಕಿರಿಯವಳಿಗೆ. ಇದು... ಇದರ ತುದಿ ತಿದ್ದಿದ್ದಲ್ವಾ? ಇದು ದೊಡ್ಡವನಿಗೆ. ಅವನಿಗೂ ಎಡವಿ ಬೀಳೋ ಅಭ್ಯಾಸ." ಎಲ್ಲರೂ ನಕ್ಕರು. ಫುಸಾಯೊಳೂ ನಕ್ಕಳು, ಆದರೆ ಕಣ್ಣು ಆ ಪುಟ್ಟ ಒರೆಯ ಮೇಲೇ ಇತ್ತು.

ಆಮೇಲೆ ಕಾಗದ ತುಟಿಗೆ ಹೋಯಿತು. ಸೊಎಜಿಮಾ ಪೀಠದಿಂದ ಕಿರುಗತ್ತಿ ಇಳಿಸಿ, ಒರೆ ಕಳೆದು, ದೀಪದ ಕಡೆ ಹಿಡಿದ. ನೋಡುವ ಕ್ರಮ ಎಲ್ಲರದೂ ಒಂದೇ: ಮೊದಲು ನೆಟ್ಟಗೆ ಎತ್ತಿ ಮೈಕಟ್ಟು, ಆಮೇಲೆ ಅಡ್ಡಲಾಗಿ ಹಿಡಿದು ಬಾಯಿಯ ಉದ್ದಕ್ಕೂ ಕಣ್ಣು ಸರಿಸುವುದು, ಕೊನೆಗೆ ತುದಿ.

ಸೊಎಜಿಮಾ ಬಾಯಿಯ ಉದ್ದಕ್ಕೂ ಕಣ್ಣು ಸರಿಸುತ್ತಾ ಬಂದವನು ತುದಿಗಿಂತ ನಾಲ್ಕು ಬೆರಳು ಹಿಂದೆ ಹಾರಿಬಿಟ್ಟ. ಕಾಲಡಿ ಹೊಂಡ ಇರುವುದು ಗೊತ್ತಿದ್ದವನು ದಾಟುವ ಹಾಗೆ, ಅಲ್ಲಿ ಅವನ ಕಣ್ಣು ನಿಲ್ಲದೆ ನೇರ ತುದಿಗೆ ಹೋಯಿತು. ತಲೆಬಾಗಿ ಮುಂದಿನವನಿಗೆ ಕೊಟ್ಟ. ಅವನೂ ಅದೇ ಜಾಗದಲ್ಲಿ ಹಾರಿದ. ಮೂರನೆಯವನು ಅಲ್ಲಿಗೆ ಬರುವಷ್ಟರಲ್ಲಿ ಕಣ್ಣೇ ಮುಚ್ಚಿಕೊಂಡ. ಈ ಮಂದಿಯ ಪಕ್ಕದಲ್ಲಿ ಕೂತು ಅವರ ಕುತ್ತಿಗೆ ಯಾವ ಕಡೆ ತಿರುಗುತ್ತದೆ ಎಂಬುದೆಲ್ಲ ನನಗೆ ಗೊತ್ತು. ಇವರು ಏನನ್ನೋ ನೋಡದೆ ಇರಲು ಕಷ್ಟಪಡುತ್ತಿದ್ದರು.

ಕತ್ತಿ ನನ್ನ ಕೈಗೆ ಬಂತು. ನಾನು ಬೇರೆಲ್ಲ ಬಿಟ್ಟು ಆ ಜಾಗಕ್ಕೇ ಹೋದೆ. ಮೊದಲು ಏನೂ ಕಾಣಲಿಲ್ಲ. ಅಲಗನ್ನು ಸ್ವಲ್ಪ ಓರೆ ಮಾಡಿದೆ. ಬಾಯಿಂದ ಮೇಲಕ್ಕೆ, ಬಿಳಿ ಪಟ್ಟಿಯನ್ನು ಅಡ್ಡ ಕೊಯ್ದು, ಕೂದಲಿಗಿಂತ ಸಣ್ಣ ಕಪ್ಪು ಗೆರೆ. ಸೀಳು.

ಗೀರು ಬಿದ್ದರೆ ಸಾಣೆ ಇದೆ, ತುಕ್ಕು ಬಂದರೆ ಸಾಣೆ ಇದೆ, ಮುಕ್ಕಾದರೂ ಏನಾದರೂ ಮಾಡಬಹುದು. ಬಾಯಿಗೆ ಅಡ್ಡ ಸೀಳು ಬಂದರೆ ಮದ್ದಿಲ್ಲ. ಅಂಥದ್ದನ್ನು ನಮ್ಮವರು ಸತ್ತ ಅಲಗು ಅನ್ನುತ್ತಾರೆ. ಅದಕ್ಕೆ ಮಣ್ಣಿನಲ್ಲಿ ಸಿಕ್ಕ ಕಬ್ಬಿಣದ ಚೂರಿನಷ್ಟೂ ಮರ್ಯಾದೆ ಇಲ್ಲ. ಅದಕ್ಕೆ ಬದಲಾಗಿ ಇವಳ ಜೀವಮಾನದ ಐದೂ ಮೇಷ್ಟರ ಮೊಣಕಾಲ ಬಳಿ ಕೂತಿದ್ದವು.

ಏನು ಮಾಡಲಿ? ಬಾಯಲ್ಲಿ ಕಾಗದ. ಉಗುಳಿ ಮಾತಾಡಿದರೆ, ಮನೆಯ ಯಜಮಾನರ ಎದುರೇ ಅವರ ಕತ್ತಿ ಸತ್ತಿದೆ ಎಂದು ಸಾರಿದಂತೆ. ಸುಮ್ಮನಿದ್ದರೆ ಇವಳು ಮುಳುಗಿದಂತೆ. ಅವಳು ತಾನೇ ನೋಡಿಕೊಳ್ಳುತ್ತಾಳೆ ಎಂದುಕೊಂಡು ಅತ್ತ ತಿರುಗಿದೆ. ಎಂಥ ಸೂಕ್ಷ್ಮ ಕಣ್ಣಿನವಳು! ಆದರೆ ಅವಳ ಕಣ್ಣಲ್ಲಿ ನೀರು ತುಂಬಿತ್ತು. ತೊಟ್ಟಿಲ ಕಡೆ ಕೈ ಚಾಚಿದವಳಂತೆ ಎರಡೂ ಕೈ ಮುಂದೆ ಚಾಚಿ ಕೂತಿದ್ದಳು. ಈ ಹೆಂಗಸು ಈಗ ಏನನ್ನೂ ನೋಡುವುದಿಲ್ಲ, ಹಣೆಗೆತ್ತಿಕೊಂಡುಬಿಡುತ್ತಾಳೆ ಎಂದು ನನಗೆ ಖಾತ್ರಿಯಾಯಿತು.

ನಾನು ಹೆಬ್ಬೆರಳು ಎತ್ತಿ, ಎಲ್ಲರೂ ನೋಡುತ್ತಿರುವಂತೆಯೇ, ಆ ಸೀಳಿನ ಪಕ್ಕದಲ್ಲಿ ಅಲಗಿನ ಮೇಲೆ ಒತ್ತಿಬಿಟ್ಟೆ.

ಮೇಲಿನ ಸಾಲಿನ ಐದೂ ಮೂಗುಗಳಿಂದ ಒಟ್ಟಿಗೆ ಉಸಿರು ಒಳಗೆ ಸೆಳೆದ ಸದ್ದು ಬಂತು. ಮಡಿಯ ಅಡುಗೆಮನೆಗೆ ಚಪ್ಪಲಿ ಹಾಕಿ ಹೋದರೂ ಅಷ್ಟು ಸದ್ದು ಬರುತ್ತಿರಲಿಲ್ಲ. ಮೇಷ್ಟರು ತಲೆಯೆತ್ತಿ ಅತ್ತಿತ್ತ ತಿರುಗಿಸಿದರು. ಸೊಎಜಿಮಾ ಮುಖವನ್ನು ಪಕ್ಕಕ್ಕೆ ಹೊರಳಿಸಿ, ಕಾಗದ ತೆಗೆದು ಹೇಳಿದ: "ಎರಿಗುಚಿ ಅಲಗಿಗೆ ಬೆರಳಿಟ್ಟ ಮೇಷ್ಟ್ರೇ."

"ಏನಂದೆ?"

"ಬೆರಳಿಟ್ಟ. ಹೆಬ್ಬೆಟ್ಟು ಒತ್ತಿದ ಹಾಗೆ."

ಮೇಷ್ಟರು ನನ್ನ ಕಡೆ ತಿರುಗಿದರು. "ಎರಿಗುಚಿ, ಇಷ್ಟು ವರ್ಷ ಇಲ್ಲಿ ಕೂತು ಕಲಿತದ್ದು ಇದಾ? ಗಿರಾಕಿ ಕೆನ್ನೆ ಅಂದ್ಕೊಂಡ್ಯಾ ಅದನ್ನ? ಅವಳ ಕೈಗೆ ಕೊಟ್ಟು ಎದ್ದು ಹೋಗು. ಇನ್ನು ಈ ಮನೆ ಕಡೆ ಬರಬೇಡ."

ನಾನು ಕತ್ತಿಯನ್ನು ಫುಸಾಯೊಳ ಕೈಗೆ ಕೊಟ್ಟೆ. ಎದ್ದು ಹೋಗಲಿಲ್ಲ. ಕಾಲು ಜೋಮು ಹಿಡಿದಿತ್ತು ಎಂದು ಹೇಳಬಹುದು, ಆದರೆ ನಿಜಕ್ಕೂ ಹೋಗಲು ಮನಸ್ಸಾಗಲಿಲ್ಲ. ಅವಳು ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. ಆಗಲೇ ಅವಳ ಕಣ್ಣು ಒಣಗಿದ್ದು.

ಬೆರಳ ಗುರುತನ್ನು ಹಾಗೇ ಬಿಡುವಂತಿಲ್ಲವಲ್ಲ. ಮೆತ್ತನೆಯ ಕಾಗದ ತೆಗೆದುಕೊಂಡು, ಹಿಡಿಯಿಂದ ತುದಿಯ ಕಡೆಗೆ, ಉಸಿರು ಬಿಗಿಹಿಡಿದು ಒರೆಸಿದಳು. ಸಾಣೆಪುಡಿ ತುಂಬಿದ ಬಟ್ಟೆಯುಂಡೆಯಿಂದ ಮೆಲ್ಲಗೆ ತಟ್ಟಿ ಮತ್ತೆ ಒರೆಸಿದಳು. ಅಲಗು ಕನ್ನಡಿಯಾಯಿತು. ನೋಡುತ್ತಿದ್ದಂತೆ ಆ ಕನ್ನಡಿಯ ಮೇಲೆ, ಆ ಒಂದೇ ಜಾಗದಲ್ಲಿ, ಒಳಗೆ ಕೂತಿದ್ದ ಹಳೆಯ ಎಣ್ಣೆ ಸಣ್ಣ ಗೆರೆಯಾಗಿ ಒಸರಿತು. ಅವಳು ಒರೆಸಿದಳು. ಅದು ಮತ್ತೆ ಒಸರಿತು.

ಅವಳ ಕೈ ನಿಂತಿತು. ನನ್ನ ಕಡೆ ನೋಡಿದಳು. ನಾನು ಕಣ್ಣು ಮಿಟುಕಿಸಿದೆ. ಆಮೇಲೆ ಅವಳು ಮೇಲಿನ ಸಾಲಿನ ಒಬ್ಬೊಬ್ಬರನ್ನೂ ನೋಡುತ್ತಾ ಹೋದಳು. ಐವರೂ ಚಾಪೆಯ ಅಂಚನ್ನು ನೋಡುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು ಎಂಬುದು ಅವಳಿಗೆ ಆ ಕ್ಷಣದಲ್ಲಿ ಅರ್ಥವಾಯಿತು. ಮುಖ ತೋಫುವಿನಷ್ಟೇ ಬೆಳ್ಳಗಾಯಿತು.

ಕತ್ತಿಯನ್ನು ಒರೆಗೆ ಸೇರಿಸಿದಳು. ಎಲ್ಲರ ಬಾಯಿಂದ ಕಾಗದ ಇಳಿಯಿತು.

"ನೋಡಿದ್ಯಾ? ಕ್ಷೌರದವನದು ಬಿಡು. ಒಪ್ಪಿಸ್ಕೊಂಡ್ಯಾ?" ಅಂದರು ಮೇಷ್ಟರು. ಧ್ವನಿಯಲ್ಲಿ ಹೆಣ್ಣು ಒಪ್ಪಿಸುವ ತಂದೆಯ ನಡುಕವಿತ್ತು.

ಸೊಎಜಿಮಾ ನಡುವೆ ಬಾಯಿ ಹಾಕಿದ. "ಮೇಷ್ಟ್ರೇ, ಬೆರಳಿನ ಕಲೆ ಬಿದ್ದ ದಿನ ಇಂಥ ಕೆಲಸ ಬೇಡ. ಶಕುನ ಸರಿಯಿಲ್ಲ. ತೋಫುನವರು ತಮ್ಮದನ್ನ ಇವತ್ತು ವಾಪಸ್ ತೊಗೊಂಡು ಹೋಗ್ಲಿ. ಮುಂದೆ ಯಾವಾಗಾದ್ರೂ ನೋಡೋಣ." ಹೇಳುತ್ತಾ ಅವಳ ಕಡೆ ನೋಡಿ ಒಂದೇ ಒಂದು ಸಲ ತಲೆಯಾಡಿಸಿದ. ಬಾಗಿಲು ತೆರೆದಿದೆ, ಹೊರಡು ಅನ್ನುವ ಹಾಗೆ.

ಅಚ್ಚುಕಟ್ಟಾದ ದಾರಿ. ಅವಳ ಐದೂ ಅವಳಿಗೆ ಉಳಿಯುತ್ತವೆ. ಮೇಷ್ಟರ ಮನಸ್ಸು ಮುರಿಯುವುದಿಲ್ಲ. "ಮುಂದೆ" ಅನ್ನುವುದು ಬರುವುದೇ ಇಲ್ಲ. ಹೋಗುವುದು ನನ್ನ ಜಾಗ ಒಂದೇ, ಅದೂ ಕೆಳಗಿನದು. ನಾನೇ ಆಗಿದ್ದರೆ ಬಟ್ಟೆ ಗಂಟು ಹಾಕಿಕೊಂಡು ಎದ್ದುಬಿಡುತ್ತಿದ್ದೆ.

ಫುಸಾಯೊ ತನ್ನ ಐದರ ಕಡೆ ನೋಡಿದಳು. ಕೈ ಅತ್ತ ಹೋಯಿತು ಕೂಡ. ಆಮೇಲೆ ಕೈ ಹಿಂದಕ್ಕೆ ಬಂತು.

"ಮುಂದೆ ಅನ್ನೋದು ಬೇಡ" ಅಂದಳು. "ಮೇಷ್ಟ್ರೇ, ಕ್ಷೌರದವರು ತಪ್ಪಿ ಬೆರಳಿಡಲಿಲ್ಲ. ನನಗೆ ಜಾಗ ತೋರಿಸಿದ್ರು. ಅಲ್ಲಿ ಬಾಯಿ ಸೀಳಿದೆ."

"ಏಯ್!" ಎಂದು ಸೊಎಜಿಮಾ ಗದರಿದ. ಮೇಷ್ಟರು ಕೈಯೆತ್ತಿ ಅವನನ್ನು ತಡೆದರು.

"ಎಲ್ಲಿ?"

"ತುದಿಯಿಂದ ನಾಲ್ಕು ಬೆರಳು ಈಚೆ. ಬಿಳಿ ಪಟ್ಟಿ ದಾಟಿದೆ. ಒರೆಸಿದಷ್ಟೂ ಎಣ್ಣೆ ಒಸರ್ತಿದೆ."

"ನಿನ್ನ ಕಣ್ಣಿಗೆ ಹಾಗೆ ಕಂಡಿರಬೇಕು."

"ಇಲ್ಲ ಮೇಷ್ಟ್ರೇ."

ಮೇಷ್ಟರು ಮುಖವನ್ನು ಮೇಲಿನ ಸಾಲಿನ ಕಡೆ ತಿರುಗಿಸಿದರು. ಆಮೇಲೆ ಕೇಳಿದ್ದು ಅವಳನ್ನಲ್ಲ. "ಸೊಎಜಿಮಾ, ಆವತ್ತು ಪಡಸಾಲೇಲಿ ನನ್ನ ಕೈ ಜಾರಿ ಅದು ಮೆಟ್ಟಿಲ ಕಲ್ಲಿಗೆ ತಾಗಿತ್ತಲ್ಲ. ನೋಡಿ ಹೇಳು ಅಂತ ನಿನ್ನ ಕೈಗೇ ಕೊಟ್ಟಿದ್ದೆ. ಏನಂದಿದ್ದೆ ನೀನು?"

ಸೊಎಜಿಮಾ ಕೈಯಲ್ಲಿದ್ದ ಕಾಗದವನ್ನು ಮತ್ತೆ ಮತ್ತೆ ಮಡಿಸಿದ.

"ಏನೂ ಆಗಿಲ್ಲ, ಒಂದು ಗೀರೂ ಇಲ್ಲ ಅಂದಿದ್ದೆ. ಆವತ್ತು ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ."

"ಅದಕ್ಕೇ ಹಾಗಂದೆ ಕಣೋ" ಎಂದ ಸೊಎಜಿಮಾ. ಎಲ್ಲರ ಮುಂದೆ ಅವನು ಮೇಷ್ಟರನ್ನು ಏಕವಚನದಲ್ಲಿ ಕರೆದದ್ದು ನಾನು ಕೇಳಿದ್ದು ಅದೇ ಮೊದಲು. "ಕಣ್ಣು ಹೋಗ್ತಿದೆ ಅಂತ ಡಾಕ್ಟರು ಹೇಳಿದ ವಾರ ಅದು. ಇದೂ ಹೋಯ್ತು ಅಂತ ಹೇಗೆ ಹೇಳ್ಲಿ?"

"ಸರಿ, ಆವತ್ತು ಹೇಳಲಿಲ್ಲ. ಆಮೇಲೆ? ಪ್ರತಿ ಹೊಸ ವರ್ಷ ಒಬ್ಬೊಬ್ಬರೂ ಇದನ್ನ ಹಿಡಿದು ಆಹಾ ಅಂದ್ರಿ, ಓಹೋ ಅಂದ್ರಿ. ನಾನು ಈ ಕುರುಡು ಕಣ್ಣಲ್ಲಿ ಹಲ್ಲು ಕಿರಿದುಕೊಂಡು ಕೂತಿದ್ದೆ." ಧ್ವನಿ ಏರಲಿಲ್ಲ. "ಇವತ್ತು ಈ ಹೆಂಗಸಿನ ಜೀವಮಾನದ ದುಡಿಮೆಯನ್ನ ನನ್ನ ಕೈಯಿಂದ ಕದಿಸ್ತಿದ್ರಲ್ಲ ನೀವು. ನನ್ನ ಮೊಮ್ಮಕ್ಕಳ ಹೆಸರಲ್ಲಿ!"

ಐವರಲ್ಲಿ ಒಬ್ಬ ಹಣೆಯನ್ನು ಚಾಪೆಗೆ ಮುಟ್ಟಿಸಿದ. ಮಿಕ್ಕವರೂ ಬಗ್ಗಿದರು. ಸೊಎಜಿಮಾ ಬಗ್ಗಲಿಲ್ಲ, ಅಳುತ್ತಿದ್ದ. ಅವನನ್ನು ಕಂಡರೆ ನನಗೆ ಎಂದೂ ಆಗುತ್ತಿರಲಿಲ್ಲ, ಆದರೆ ಆಗ ಪಾಪ ಅನ್ನಿಸಿತು.

ಮೇಷ್ಟರು ಐದು ಕತ್ತಿಗಳನ್ನೂ ತಡವಿ ತಡವಿ ಒಂದೊಂದಾಗಿ ನೇರಳೆ ಬಟ್ಟೆಯ ಮೇಲೆ ಇಟ್ಟು, ತಾವೇ ಗಂಟು ಹಾಕಿ ಅವಳ ಕಡೆ ತಳ್ಳಿದರು. "ತೊಗೊಂಡು ಹೋಗಮ್ಮ. ಎರಿಗುಚಿ, ನೀನು ಕೂತ್ಕೊ. ಎದ್ದು ಹೋಗು ಅಂದಿದ್ದು ಮರೆತುಬಿಡು."

ಫುಸಾಯೊ ಗಂಟು ಮುಟ್ಟಲಿಲ್ಲ. ಆ ಸತ್ತ ಕತ್ತಿ ಇನ್ನೂ ಅವಳ ತೊಡೆಯ ಮೇಲೇ ಇತ್ತು.

"ಮೇಷ್ಟ್ರೇ, ಇನ್ನೊಂದು ಸಲ ನೋಡಲಾ?"

"ಇನ್ನೇನಿದೆ ಅದರಲ್ಲಿ ನೋಡೋಕೆ?"

ಅವಳು ಕಾಗದ ತುಟಿಗಿಟ್ಟು ಒರೆ ಕಳೆದಳು. ಈ ಸಲ ಅವಸರವಿರಲಿಲ್ಲ. ಮೈಕಟ್ಟು ನೋಡಿದಳು. ಬಾಯಿಯ ಉದ್ದಕ್ಕೂ ಕಣ್ಣು ಸರಿಸಿದಳು. ಸೀಳಿನ ಹತ್ತಿರ ಹಾರಲಿಲ್ಲ, ನಿಂತು ನೋಡಿದಳು, ಆಮೇಲೆ ಮುಂದೆ ಹೋದಳು. ಒರೆಗೆ ಸೇರಿಸಿ ಕಾಗದ ತೆಗೆದಳು.

"ಉಕ್ಕಿನ ಮೈ ಹಾಗೇ ಇದೆ. ತೌಡು ಚೆಲ್ಲಿದ ಹಾಗೆ. ಬಿಳಿ ಪಟ್ಟಿ ಹಿಡಿ ಹತ್ತಿರ ಸ್ವಲ್ಪ ಅಗಲ, ಮುಂದೆ ಹೋಗ್ತಾ ಸಣ್ಣ. ಸೀಳು ಇರೋ ಕಡೆ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅದು ದಾಟಿದ ಮೇಲೆ ಪಟ್ಟಿ ಏನೂ ಆಗದ ಹಾಗೆ ತುದಿವರೆಗೂ ಹೋಗುತ್ತೆ. ತುಂಬ ಚೆನ್ನಾಗಿದೆ ಮೇಷ್ಟ್ರೇ."

ಮೇಷ್ಟರು ತಲೆ ತಗ್ಗಿಸಿ ಕೇಳುತ್ತಿದ್ದರು. "ಇನ್ನೊಂದು ಸಲ ಹೇಳು" ಅಂದರು. ಅವಳು ಇನ್ನೊಂದು ಸಲ ಹೇಳಿದಳು. ಹಿಡಿಯಿಂದ ತುದಿಯವರೆಗೆ, ಸೀಳನ್ನೂ ಬಿಡದೆ.

ಆಮೇಲೆ ಅವಳು ಗಂಟು ಬಿಚ್ಚಿದಳು. ಎಲ್ಲಕ್ಕಿಂತ ಕಷ್ಟಪಟ್ಟು ಏಳಿಸಿದ್ದ ಆ ಪುಟ್ಟದನ್ನು ತೆಗೆದು ಮೇಷ್ಟರ ಮುಂದಿಟ್ಟಳು. "ಐದು ಕೊಡಲ್ಲ. ಇದೊಂದು ಕೊಡ್ತೀನಿ. ನಿಮ್ಮ ಕಿರಿ ಮೊಮ್ಮಗಳಿಗಾಗುತ್ತೆ. ನನಗೆ ಈ ಸೀಳಿರೋದೇ ಬೇಕು."

"ಸತ್ತದ್ದಕ್ಕೆ ಬದುಕಿರೋದು ಕೊಡ್ತೀಯಾ? ತಲೆ ಕೆಟ್ಟಿದ್ಯಾ?"

"ಕೆಟ್ಟು ಎಷ್ಟೋ ವರ್ಷ ಆಯ್ತು, ಈಗ ಕೇಳ್ತೀರಲ್ಲ."

ಯಾರೋ ನಕ್ಕರು. ನನಗೂ ಹಗುರಾಯಿತು, ಇದು ಹೀಗೆ ಸುಖವಾಗಿ ಮುಗಿಯುತ್ತದೆ ಅಂದುಕೊಂಡೆ. ಮೇಷ್ಟರು ಎರಡೂ ಕೈ ಚಾಚಿದರು. ಅವಳು ಕಿರುಗತ್ತಿಯನ್ನು ಅವರ ಕೈಮೇಲಿಟ್ಟಳು, ಅವರು ವಿಧಿಪೂರ್ವಕವಾಗಿ ತಿರುಗಿಸಿ ಕೊಡುತ್ತಾರೆ ಎಂದು ಕಾದಳು. ಅವರು ಕೊಡಲಿಲ್ಲ. ಒರೆಯನ್ನು ತೋಳಿನಲ್ಲಿ ಅಪ್ಪಿಕೊಂಡರು.

"ಇಲ್ಲ ಫುಸಾಯೊ. ಬೆಳಿಗ್ಗೆ ಬಂದಾಗ ಕೇಳಿದ್ರೆ ಕೊಟ್ಟುಬಿಡ್ತಿದ್ದೆ. ಕಣ್ಣು ಹೋದಾಗಿನಿಂದ ಇವರು ಹೇಳಿದ್ದನ್ನೇ ನೋಡ್ತಾ ಬಂದೆ. ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ ಅಂದ್ಕೊಂಡೆ, ಆದ್ರೆ ಒಳಗೆ ಏನೋ ಸುಳ್ಳು ಅನ್ನಿಸ್ತಿತ್ತು. ಸೀಳಿದೆ ಅಂದವಳು ನೀನು. ನೀನೇ ಚೆನ್ನಾಗಿದೆ ಅಂದಾಗ ನಂಬಿದೆ. ಈಗ ನನಗಿದು ಕಾಣ್ತಿದೆ. ಹೇಗೆ ಕೊಡ್ಲಿ?"

ಬಗ್ಗಿ ನಮಸ್ಕರಿಸಿ, ಪುಟ್ಟದನ್ನು ಮತ್ತೆ ಗಂಟಿಗೆ ಸೇರಿಸಿ ಎದ್ದಳು. ನಾನೂ ಹಿಂದೆಯೇ ಎದ್ದೆ.

ಬೀದಿಯ ತಿರುವಿನವರೆಗೆ ಸರಸರ ನಡೆದಳು. ಆಮೇಲೆ ಗಂಟನ್ನು ನನ್ನ ತೋಳಿಗೆ ತುರುಕಿ, ಯಾರ ಮನೆಯದೋ ಬೇಲಿಗೆ ಆತು ನಿಂತು ಬೈಯತೊಡಗಿದಳು. "ಮುದುಕ! ಹಟಮಾರಿ ಮುದುಕ! ಇಪ್ಪತ್ತು ವರ್ಷ ಕಾದೆ. ಸುಮ್ನೆ ಹಣೆಗೆತ್ಕೊಂಡಿದ್ರೆ ಇಷ್ಟೊತ್ತಿಗೆ ನನ್ನ ಕೈಲಿರ್ತಿತ್ತು."

"ಐದು ಹೋಗ್ತಿತ್ತಲ್ಲಮ್ಮ" ಅಂದೆ.

"ಹೋಗ್ಲಿ ಅಂತಾನೇ ಅಲ್ವಾ ಬಂದಿದ್ದು ನಾನು!" ಎಂದು ಕಿರುಚಿದಳು. ಹಾದು ಹೋಗುತ್ತಿದ್ದ ಸೈಕಲ್ಲಿನವನು ತಿರುಗಿ ನೋಡಿದ. ಅವಳು ಕಿಮೊನೊ ತೋಳಿನಿಂದ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ನಾನು ಗಂಟು ಹಿಡಿದು ಪಕ್ಕದಲ್ಲಿ ನಿಂತಿದ್ದೆ.

"ಸೀಳಿದ್ರೂ ಎಷ್ಟು ಚೆನ್ನಾಗಿತ್ತು ಕಣ್ರೀ" ಅಂದಳು, ತೋಳಿನೊಳಗಿಂದಲೇ.